ಗುಳ್ಳೆಯೋ ಹುಳುವೋ: ಲಾಡಿಹುಳುವಿನ ಬೆಳವಣಿಗೆ ಮತ್ತು ಪುಟ್ಟ ಆರ್‌ಎನ್‌ಎಗಳು

ಪ್ರಶ್ನೆ: ಕುರಿಯ ಯಕೃತ್ತಿನಲ್ಲಿ ನೀರು ತುಂಬಿದ ಗುಳ್ಳೆಯಾಗಿರುವ ಜೀವಿಯೇ ನಾಯಿಯ ಕರುಳಿನಲ್ಲಿ ಹುಳುವಾಗುತ್ತದೆ ಎಂದು ಓದಿದೆ. ಯಾವ ರೂಪ ತಾಳಬೇಕೆಂದು ನಿರ್ಧರಿಸುವುದು ಯಾವುದು? ಇದರಲ್ಲಿ ಮೈಕ್ರೋ ಆರ್‌ಎನ್‌ಎಗಳ ಪಾತ್ರವಿದೆಯೇ?

ಉತ್ತರ: ನೀವು ಓದಿರುವುದು ಎಕಿನೊಕಾಕಸ್ ಗ್ರಾನ್ಯುಲೋಸಸ್ ಎಂಬ ಲಾಡಿಹುಳುವಿನ ವಿಚಾರ. ಹೆಸರಿಗೆ ಲಾಡಿಯಾದರೂ ಬೆಳೆದ ಹುಳುವಿನ ಉದ್ದ 2ರಿಂದ 7 ಮಿಲಿಮೀಟರ್ ಮಾತ್ರ: ಒಂದು ತಲೆ, ಅದರ ಹಿಂದೆ ಮೂರು-ನಾಲ್ಕು ತುಂಡು, ಅಷ್ಟೇ. ನಾಯಿಯ ಮಲದೊಂದಿಗೆ ಹೊರಬಿದ್ದ ಮೊಟ್ಟೆಗಳು ಮೇವಿನ ಮೂಲಕ ಕುರಿಯ ಹೊಟ್ಟೆ ಸೇರಿ, ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ಗುಳ್ಳೆಯಾಗಿ ಬೆಳೆಯುತ್ತವೆ. ಬಲಿತ ಗುಳ್ಳೆಯನ್ನು ಕೊಯ್ದು ಒಳಗಿನ ನೀರನ್ನು ಬಟ್ಟಲಿಗೆ ಸುರಿದರೆ, ತಳದಲ್ಲಿ ನುಣ್ಣನೆಯ ಮರಳಿನಂಥ ಕಣಗಳು ಕೂರುತ್ತವೆ. ಅವುಗಳಲ್ಲಿ ಹೆಚ್ಚಿನವು, ಒಳಮುಖವಾಗಿ ಮಡಚಿಕೊಂಡಿರುವ ಹುಳುವಿನ ತಲೆಗಳು. ಅಂಥ ತಲೆ ನಾಯಿಯ ಕರುಳನ್ನು ಸೇರಿದರೆ ಹುಳುವಾಗುತ್ತದೆ. ಗುಳ್ಳೆ ಒಡೆದು ಕುರಿಯ ಅಥವಾ ಮನುಷ್ಯನ ಹೊಟ್ಟೆಯೊಳಗೇ ಚೆಲ್ಲಿದರೆ ಅದೇ ತಲೆ ಹೊಸದೊಂದು ಗುಳ್ಳೆಯಾಗುತ್ತದೆ. ಈ ಗುಳ್ಳೆಯನ್ನು ತೆಗೆಯುವಾಗ ಶಸ್ತ್ರವೈದ್ಯರು ಸುತ್ತಲೂ ಗಾಢ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಒತ್ತರಿಸುವುದು, ಚೆಲ್ಲಿದ ತಲೆಗಳು ಸಾಯಲಿ ಎಂದೇ.

ನಿರ್ಧಾರದ ಮೊದಲ ಸುಳಿವು ಬರುವುದು ಹೊರಗಿನಿಂದ. 1960ರ ದಶಕದಲ್ಲಿ ಜೆ. ಡಿ. ಸ್ಮಿತ್ ಮತ್ತು ಅವರ ಸಂಗಡಿಗರು ಈ ತಲೆಗಳನ್ನು ಪ್ರಯೋಗಾಲಯದಲ್ಲಿ ಸಾಕಿ ನೋಡಿದಾಗ, ಬರೀ ದ್ರವದಲ್ಲಿ ತೇಲುತ್ತಿದ್ದವು ಗುಳ್ಳೆಯ ಕಡೆಗೆ ವಾಲಿದವು. ಕರುಳಿನ ಗೋಡೆಯಂತೆ ಒರಗಲು ಹೆಪ್ಪುಗಟ್ಟಿಸಿದ ಸೀರಮ್ಮಿನ ಗಟ್ಟಿ ತಳ ಸಿಕ್ಕಿದವು ತುಂಡುತುಂಡಾಗಿ ಹುಳುವಿನತ್ತ ಬೆಳೆದವು. ಎರಡೂ ಕಡೆ ವಂಶವಾಹಿಗಳು ಅವೇ. ಹಾಗಾದರೆ ಬದಲಾಗುವುದು, ಯಾವ ವಂಶವಾಹಿಯ ಮಾತು ಯಾವಾಗ ನಡೆಯಬೇಕು ಎಂಬುದು. ಮೈಕ್ರೋ ಆರ್‌ಎನ್‌ಎಗಳಿಗೆ ಕೆಲಸವಿರುವುದು ಇಲ್ಲಿ.

ಇವು ಸುಮಾರು 22 ನ್ಯೂಕ್ಲಿಯೋಟೈಡುಗಳಷ್ಟು, ಅಂದರೆ ಆರ್‌ಎನ್‌ಎ ಸರಪಳಿಯ 22 ಕೊಂಡಿಗಳಷ್ಟು, ಉದ್ದದ ತುಣುಕುಗಳು. ಇವುಗಳಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಆರ್ಗೊನಾಟ್ ಎಂಬ ಪ್ರೋಟೀನಿನೊಳಗೆ ಕುಳಿತು, ವಂಶವಾಹಿಯ ಆದೇಶವನ್ನು ಪ್ರೋಟೀನ್ ತಯಾರಿಕೆಗೆ ಒಯ್ಯುವ ಸಂದೇಶವಾಹಕ ಆರ್‌ಎನ್‌ಎಗಳಲ್ಲಿ ತಮಗೆ ಹೊಂದುವುದಕ್ಕೆ ಅಂಟಿಕೊಂಡು, ಅದರಿಂದ ಪ್ರೋಟೀನ್ ತಯಾರಾಗುವುದನ್ನು ತಗ್ಗಿಸುತ್ತವೆ. ಇಂಥ ಮೊದಲ ತುಣುಕು 1993ರಲ್ಲಿ ಪತ್ತೆಯಾದದ್ದೂ ಒಂದು ಹುಳುವಿನಲ್ಲೇ, ಅಂದರೆ ಮಣ್ಣಿನಲ್ಲಿ ಬದುಕುವ ಸೀನೊರ್ಯಾಬ್ಡೈಟಿಸ್ ಎಲೆಗನ್ಸ್ ಎಂಬ ದುಂಡುಹುಳುವಿನಲ್ಲಿ. ಅದನ್ನು ಕಂಡ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರಿಗೆ 2024ರ ನೊಬೆಲ್ ಬಂತು. ಆ ತುಣುಕು ಕೆಟ್ಟರೆ ಮರಿಹುಳು ಮುಂದಿನ ಹಂತಕ್ಕೆ ಹೋಗದೆ ಮೊದಲ ಹಂತದ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತಿತ್ತು. ಹಂತದಿಂದ ಹಂತಕ್ಕೆ ರೂಪ ಬದಲಿಸುವ ಲಾಡಿಹುಳುವಿನಲ್ಲೂ ಇವನ್ನು ಹುಡುಕಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ.

ಇನ್ನೊಂದು ಕಾರಣವೂ ಇದೆ. 2013ರಲ್ಲಿ ನಾಲ್ಕು ಲಾಡಿಹುಳುಗಳ ಜೀನೋಮ್ ಪ್ರಕಟವಾದಾಗ ಎದ್ದು ಕಂಡದ್ದು, ಇದ್ದವುಗಳಿಗಿಂತ ಹೆಚ್ಚಾಗಿ ಕಳೆದುಹೋದವು. ಪರರ ಅನ್ನ ತಿಂದು ಬದುಕುವ ಜೀವಿ ಕೊಬ್ಬಿನಾಮ್ಲಗಳನ್ನು ಹೊಸದಾಗಿ ತಯಾರಿಸುವುದನ್ನೇ ಬಿಟ್ಟಿದೆ. ಸ್ವತಂತ್ರವಾಗಿ ಬದುಕುವ ಚಪ್ಪಟೆಹುಳುಗಳ ಕಾಂಡಕೋಶಗಳಿಗೆ ಅತ್ಯಗತ್ಯವಾದ ಪೀವಿ ಎಂಬ ಪ್ರೋಟೀನಿನ ವಂಶವಾಹಿಯೂ ಇವುಗಳಲ್ಲಿಲ್ಲ. ಅದನ್ನು ಅವಲಂಬಿಸಿದ ಮತ್ತೊಂದು ಜಾತಿಯ ಪುಟ್ಟ ಆರ್‌ಎನ್‌ಎಗಳೂ ಕಾಣುವುದಿಲ್ಲ. ಮೈಕ್ರೋ ಆರ್‌ಎನ್‌ಎ ಕುಟುಂಬಗಳು ಕೂಡ ಸಾಕಷ್ಟು ಅಳಿದಿವೆ. ಇಷ್ಟೆಲ್ಲ ಕೈಬಿಟ್ಟ ಮೇಲೂ ಉಳಿಸಿಕೊಂಡದ್ದಕ್ಕೆ ಏನೋ ಉಪಯೋಗ ಇರಲೇಬೇಕು ಎಂಬ ಊಹೆ ಸಹಜ.

ಆದರೆ ಊಹೆಯೇ ಪುರಾವೆಯಲ್ಲ. ಗುಳ್ಳೆಯಲ್ಲಿ ಈ ತುಣುಕು ಹೆಚ್ಚು, ಹುಳುವಿನಲ್ಲಿ ಆ ತುಣುಕು ಹೆಚ್ಚು ಎಂಬ ಬಗೆಯ ಪಟ್ಟಿಗಳು ಬಹಳಷ್ಟು ಬಂದಿವೆ. ಏರಿಳಿತ ಕಂಡ ಮಾತ್ರಕ್ಕೆ ಅದೇ ಕಾರಣವೆನ್ನುವುದು ಅವಸರದ ಮಾತು. ಗಟ್ಟಿಯಾದ ಸಾಕ್ಷ್ಯ ಸಿಕ್ಕಿರುವುದು ಎಮ್‌ಐಆರ್-71 ಎಂಬ ತುಣುಕಿನ ವಿಷಯದಲ್ಲಿ. ಇದೇ ಕುಲದ, ಮುಖ್ಯವಾಗಿ ನರಿಗಳಲ್ಲಿ ಬೆಳೆಯುವ ಎಕಿನೊಕಾಕಸ್ ಮಲ್ಟಿಲಾಕ್ಯುಲಾರಿಸ್‌ನ ಗುಳ್ಳೆಗಳಿಂದ ಬಿಡಿ ಕೋಶಗಳನ್ನು ಬೇರ್ಪಡಿಸಿ ಸಾಕಿದರೆ ಅವು ಒಟ್ಟುಗೂಡಿ ಹೊಸ ಗುಳ್ಳೆ ಕಟ್ಟುತ್ತವೆ. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಕೋಶಗಳೊಳಗೆ ಎಮ್‌ಐಆರ್-71ಕ್ಕೆ ಅಂಟಿ ಅದನ್ನು ನಿಷ್ಕ್ರಿಯಗೊಳಿಸುವ ಕೃತಕ ತುಣುಕನ್ನು ಸೇರಿಸಿದಾಗ, ಹೊಸ ಗುಳ್ಳೆಗಳು ಹುಟ್ಟುವುದು ಗಣನೀಯವಾಗಿ ತಗ್ಗಿತು. ಅಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟು: ದಿಕ್ಕು ತೋರಿಸುವುದು ಆಶ್ರಯ ಕೊಟ್ಟ ಪ್ರಾಣಿಯ ಒಡಲು, ಕನಿಷ್ಠ ಗುಳ್ಳೆಯ ದಾರಿಯಲ್ಲಾದರೂ ಸಾಗಲು ಮೈಕ್ರೋ ಆರ್‌ಎನ್‌ಎ ಬೇಕು.

ಎಮ್‌ಐಆರ್-71 ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಲ್ಲ. ಅದಕ್ಕೆ ಗುರಿಯಿಟ್ಟ ಔಷಧಿ ರೋಗಿಯ ಅಂಥದೇ ತುಣುಕನ್ನು ಕೆಡಿಸುವ ಭಯವಿಲ್ಲವಾದ್ದರಿಂದ ಅದರ ಬಗ್ಗೆ ಆಸಕ್ತಿ ಹೆಚ್ಚು. ತೊಡಕಿರುವುದು ಅದನ್ನು ತಲುಪಿಸುವುದರಲ್ಲಿ. ಪ್ರಯೋಗದಲ್ಲಿದ್ದವು ಬಿಡಿ ಕೋಶಗಳು. ರೋಗಿಯ ಯಕೃತ್ತಿನಲ್ಲಿರುವ ಗುಳ್ಳೆಯಾದರೋ, ಕೋಶಗಳೇ ಇಲ್ಲದ, ಪದರಪದರವಾದ ದಪ್ಪ ಹೊದಿಕೆಯೊಂದನ್ನು ತನ್ನ ಸುತ್ತ ಕಟ್ಟಿಕೊಂಡು ಕುಳಿತಿರುತ್ತದೆ.