ಫ್ರೆಟ್ ಸವೆದರೆ ಎಲ್ಲಾ ಬದಲಿಸಲೇಬೇಕಾ? ಮನೆಯಲ್ಲಿ ಯಾವ ಹತ್ಯಾರ ಬೇಕು?

ಫ್ರೆಟ್ ಅಂದರೆ ಗಿಟಾರ್‌ನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಸಣ್ಣ ಲೋಹದ ಪಟ್ಟಿಗಳು.

ಓದುಗರ ಪ್ರಶ್ನೆ: "ನನ್ನ ಅಕೌಸ್ಟಿಕ್ ಗಿಟಾರ್‌ಗೆ ಆರು ವರ್ಷ ಆಯ್ತು. ಮೊದಲ ಮೂರು ಫ್ರೆಟ್‌ಗಳ ಮೇಲೆ ತಂತಿ ಕೂರುವ ಜಾಗದಲ್ಲಿ ಗುಂಡಿ ಬಿದ್ದಿವೆ. ಮಾರ್ಚ್‌ನಿಂದ ಜರ್ ಅಂತ ಸದ್ದು ಬೇರೆ. ಎಲ್ಲಾ ಫ್ರೆಟ್ ಬದಲಿಸಬೇಕು ಅಂತ ಒಬ್ಬರು ಹೇಳಿದರು. ಸಿಂಧನೂರಿನಿಂದ ಬೆಂಗಳೂರಿಗೆ ಗಿಟಾರ್ ಹೊತ್ತುಕೊಂಡು ಹೋಗೋದು ಕಷ್ಟ. ನಾನೇ ಮಾಡಿಕೊಳ್ಳಬಹುದಾ?"

ಮಾಡಿಕೊಳ್ಳಬಹುದು. ಆದರೆ ಈಗಲೇ ಅರ ಕೈಗೆ ತೆಗೆದುಕೊಳ್ಳಬೇಡಿ. "ಮಾರ್ಚ್‌ನಿಂದ" ಅಂತ ಬರೆದಿದ್ದೀರಲ್ಲ, ನಾನು ಅಲ್ಲೇ ನಿಂತೆ.

ನಮ್ಮ ಬಳ್ಳಾರಿ, ರಾಯಚೂರು ಕಡೆ ಬೇಸಿಗೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಗಿಟಾರ್‌ಗೆ ಹಿಡಿಸುವುದು 45ರಿಂದ 55 ಪರ್ಸೆಂಟ್ ತೇವ. ಅದು ಸಿಗದಿದ್ದಾಗ ಮರ ಒಣಗಿ ಅಡ್ಡಕ್ಕೆ ಕುಗ್ಗುತ್ತದೆ. ಫ್ರೆಟ್ ಲೋಹ, ಅದು ಕುಗ್ಗುವುದಿಲ್ಲ. ಹಾಗಾಗಿ ಫ್ರೆಟ್ ತುದಿಗಳು ಕತ್ತಿನ ಅಂಚಿನಿಂದ ಹೊರಗೆ ಬಂದು ಕೈಗೆ ಚುಚ್ಚುತ್ತವೆ. ಅಕೌಸ್ಟಿಕ್ ಗಿಟಾರ್‌ನ ಮೇಲಿನ ಹಲಗೆಯೂ ಒಣಗಿ ಸ್ವಲ್ಪ ಕೆಳಗಿಳಿಯುತ್ತದೆ. ಹಲಗೆ ಇಳಿದರೆ ತಂತಿಯೂ ಇಳಿಯುತ್ತದೆ, ತಂತಿ ಇಳಿದರೆ ಜರ್ ಅನ್ನುತ್ತದೆ. ಇದರಲ್ಲಿ ಫ್ರೆಟ್‌ನದ್ದೇನೂ ತಪ್ಪಿಲ್ಲ. ಇಂಥ ಹೊತ್ತಿನಲ್ಲಿ ಫ್ರೆಟ್ ಉಜ್ಜಿದರೆ ಮಳೆಗಾಲಕ್ಕೆ ಮರ ಮತ್ತೆ ಉಬ್ಬುತ್ತದೆ, ಉಜ್ಜಿದ ಲೋಹ ಮಾತ್ರ ವಾಪಸ್ ಬರುವುದಿಲ್ಲ. ಮೊದಲು ಗಿಟಾರ್‌ನ್ನು ಅದರ ಪೆಟ್ಟಿಗೆಯಲ್ಲೇ ಇಡಿ. ತೂತು ಮಾಡಿದ ಸಾಬೂನು ಡಬ್ಬಿಯಲ್ಲಿ ಒದ್ದೆ ಮಾಡಿ ಹಿಂಡಿದ ಸ್ಪಂಜು ಹಾಕಿ, ಅದನ್ನೂ ಒಳಗಿಟ್ಟು ಮುಚ್ಚಿ. ನೀರು ತೊಟ್ಟಿಕ್ಕಬಾರದು, ಅಷ್ಟೇ. ಎರಡು ವಾರ ನೋಡಿ. ಎಷ್ಟೋ ಸಲ ಅರ್ಧ ಸದ್ದು ಇಲ್ಲೇ ನಿಂತುಹೋಗುತ್ತದೆ.

ಆಮೇಲೆ ಗುಂಡಿಯ ವಿಷಯ. ಫ್ರೆಟ್ ತಂತಿಗೆ ನಿಕ್ಕಲ್ ಸಿಲ್ವರ್ ಅಂತ ಹೆಸರು, ಆದರೆ ಅದರಲ್ಲಿ ಬೆಳ್ಳಿ ಇಲ್ಲವೇ ಇಲ್ಲ. ತಾಮ್ರ, ನಿಕ್ಕಲ್, ಸತು ಅಷ್ಟೇ. ನಮ್ಮ ಮನೆಗಳಲ್ಲಿ ಪೂಜೆಗೆ ಇಡುವ ಜರ್ಮನ್ ಸಿಲ್ವರ್ ತಟ್ಟೆ ಇದೆಯಲ್ಲ, ಅದೇ ಜಾತಿ. ಗಿಟಾರ್‌ನ ಉಕ್ಕಿನ ತಂತಿ ಅದಕ್ಕಿಂತ ಗಟ್ಟಿ, ಹಾಗಾಗಿ ಒತ್ತಿ ಒತ್ತಿ ನುಡಿಸಿದ ಕಡೆ ಫ್ರೆಟ್ ಸವೆಯುತ್ತದೆ. ಹೊಸ ಫ್ರೆಟ್ ಸಾಮಾನ್ಯವಾಗಿ 1ರಿಂದ 1.4 ಮಿಲಿಮೀಟರ್ ಎತ್ತರ ಇರುತ್ತದೆ. ಗುಂಡಿಯ ತಳದವರೆಗೆ ಎಲ್ಲವನ್ನೂ ಸಮ ಮಾಡಿದ ಮೇಲೂ ಮುಕ್ಕಾಲು ಮಿಲಿಮೀಟರ್‌ಗಿಂತ ಜಾಸ್ತಿ ಉಳಿಯುತ್ತದಾ? ಹಾಗಾದರೆ ಕೀಳಬೇಡಿ, ಉಜ್ಜಿದರೆ ಸಾಕು. ಇದು ನಾನು ಇಟ್ಟುಕೊಂಡಿರುವ ಲೆಕ್ಕ. ಅಳೆಯಲು ಲೇತ್ ಅಂಗಡಿಯಲ್ಲಿ ವರ್ನಿಯರ್ ಕ್ಯಾಲಿಪರ್ ಕೇಳಿ, ಅದರ ಹಿಂಬದಿಯ ಕಡ್ಡಿಯಿಂದ ಫ್ರೆಟ್ ಎತ್ತರ ಸಿಗುತ್ತದೆ.

ಯಾವ ಫ್ರೆಟ್ ಎದ್ದಿದೆ ಅಂತ ಹುಡುಕುವ ಹತ್ಯಾರಕ್ಕೆ ಫ್ರೆಟ್ ರಾಕರ್ ಅನ್ನುತ್ತಾರೆ. ಹೆಸರು ದೊಡ್ಡದು, ವಸ್ತು ಮಾತ್ರ ನೇರ ಅಂಚಿನ ಒಂದು ಸ್ಟೀಲ್ ತುಂಡು. ಮೂರು ಫ್ರೆಟ್ ಮೇಲೆ ಕೂರಿಸಿ ಒತ್ತಿ ನೋಡಿ. ನಡುವಿನದು ಎದ್ದಿದ್ದರೆ ತುಂಡು ಟಕ್ ಟಕ್ ಅಂತ ಅಲುಗುತ್ತದೆ. ತುಂಡು ಸರಿಯಾಗಿ ಮೂರೇ ಫ್ರೆಟ್ ಮುಟ್ಟಬೇಕು, ನಾಲ್ಕನ್ನಲ್ಲ. ತಂತಿ ನುಡಿಯುವ ಉದ್ದ 650 ಮಿಲಿಮೀಟರ್ ಇರುವ ಗಿಟಾರ್‌ನಲ್ಲಿ ಒಂದರಿಂದ ಮೂರನೇ ಫ್ರೆಟ್‌ಗೆ 67 ಮಿಲಿಮೀಟರ್, ಹನ್ನೆರಡರಿಂದ ಹದಿನಾಲ್ಕಕ್ಕೆ ಬರೀ 35. ಒಂದೇ ಉದ್ದ ಎಲ್ಲಾ ಕಡೆ ನಡೆಯುವುದಿಲ್ಲ. ಹಳೆಯ ಸ್ಟೀಲ್ ಸ್ಕೇಲ್‌ನಿಂದ ಮೂರ್ನಾಲ್ಕು ಅಳತೆಯ ತುಂಡು ಕತ್ತರಿಸಿಕೊಂಡರೆ ಆಯಿತು.

ಎಲ್ಲಾ ಫ್ರೆಟ್ ಸಮ ಮಾಡಲು ನೇರವಾದ ಒಂದು ಪಟ್ಟಿ ಬೇಕು. ಕಿಟಕಿ ಮಾಡುವ ಅಂಗಡಿಯಲ್ಲಿ ದಪ್ಪ ಅಲ್ಯೂಮಿನಿಯಂ ಪೈಪು, ಚೌಕದ್ದು, ಒಂದೂವರೆ ಅಡಿ ತೆಗೆದುಕೊಳ್ಳಿ. ಅದು ನೇರವಾಗಿದೆ ಅಂತ ಮಾತ್ರ ನಂಬಬೇಡಿ. ದಪ್ಪ ಗಾಜಿನ ಮೇಲೆ ಪಾಲಿಶ್ ಪೇಪರ್ ಅಂಟಿಸಿ. ಪೈಪಿನ ಒಂದು ಮೈಗೆ ಮಾರ್ಕರ್‌ನಿಂದ ಗೆರೆ ಎಳೆದು ಪೇಪರ್ ಮೇಲೆ ತಿಕ್ಕಿ. ಎಲ್ಲಾ ಗೆರೆ ಒಟ್ಟಿಗೆ ಅಳಿಸುವವರೆಗೆ ತಿಕ್ಕಿ. ಆಮೇಲೆ ಆ ಮೈಗೆ 400 ನಂಬರ್ ಪೇಪರ್ ಅಂಟಿಸಿದರೆ ನಿಮ್ಮ ಹತ್ಯಾರ ತಯಾರು. ಉಜ್ಜುವ ಮುಂಚೆ ಅಲೆನ್ ಕೀ ಹಾಕಿ ಟ್ರಸ್ ರಾಡ್, ಅಂದರೆ ಕತ್ತಿನೊಳಗಿನ ಲೋಹದ ಸರಳು, ತಿರುಗಿಸಿ ಕತ್ತು ನೇರ ಮಾಡಿಕೊಳ್ಳಿ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಫ್ರೆಟ್ ನೆತ್ತಿಗೆಲ್ಲ ಮಾರ್ಕರ್ ಬಳಿದು, ನಡುವಿನ ಮರಕ್ಕೆ ಟೇಪ್ ಹಚ್ಚಿ, ಪಟ್ಟಿಯನ್ನು ಅದರ ತೂಕದಲ್ಲೇ ಓಡಾಡಿಸಿ.

ಈಗ ಫ್ರೆಟ್‌ಗಳ ತಲೆ ಚಪ್ಪಟೆ ಆಗಿರುತ್ತದೆ. ಹಾಗೇ ಬಿಟ್ಟರೆ ಸ್ವರ ಕಲಸುತ್ತದೆ, ಯಾಕೆಂದರೆ ತಂತಿ ಎಲ್ಲಿಂದ ಎದ್ದಿತು ಅನ್ನೋದೇ ಖಚಿತ ಇರುವುದಿಲ್ಲ. ಮತ್ತೆ ಗುಂಡಗೆ ಮಾಡಬೇಕು. ದುಡ್ಡು ಹಾಕುವುದಿದ್ದರೆ ಇಲ್ಲೇ ಹಾಕಿ: ಡೈಮಂಡ್ ಕ್ರೌನಿಂಗ್ ಫೈಲ್, ಫ್ರೆಟ್ ತಲೆ ಗುಂಡಗೆ ಮಾಡುವ ಅರ. ಅಷ್ಟು ಬೇಡ ಅಂದರೆ ಬಡಿಗೇರರು ಗರಗಸದ ಹಲ್ಲು ಮಸೆಯುವ ಮೂರುಮೂಲೆ ಅರ ಸಾಕು, ಅದರ ಮೂರೂ ಮೂಲೆಯ ಹಲ್ಲನ್ನು ಸಾಣೆ ಹಿಡಿದು ನುಣ್ಣಗೆ ಮಾಡಿಸಬೇಕು. ಇಲ್ಲದಿದ್ದರೆ ಅದು ಪಕ್ಕದ ಮರ ಕೊರೆಯುತ್ತದೆ. ನನ್ನ ಅರ ಅಂಥದ್ದೇ. ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮ ಮನೆ ಹತ್ತಿರದ ಪತ್ತಾರ ಕಾಕಾ ನಾನು ಉಜ್ಜುವುದನ್ನು ಒಂದು ದಿನ ನೋಡುತ್ತಾ ಕೂತಿದ್ದರು. "ಹಿಂದಕ್ ಎಳೀಬ್ಯಾಡಪ್ಪಾ, ಅರ ಮುಂದಕ್ ಹೋಗೋವಾಗ ಕಡೀತದ. ಎತ್ತು, ಮತ್ತ ದೂಡು" ಅಂದರು. ಅವತ್ತಿನಿಂದ ನನ್ನ ಕೆಲಸವೇ ಬದಲಾಯಿತು. ಎರಡೂ ಕಡೆ ಓರೆಯಾಗಿ ದೂಡುತ್ತಾ ಬಂದರೆ ಮಾರ್ಕರ್‌ನ ಕಪ್ಪು ಪಟ್ಟಿ ಸಣ್ಣಗಾಗುತ್ತಾ ಹೋಗುತ್ತದೆ. ನೆತ್ತಿಯ ಮೇಲೆ ದಾರದಷ್ಟು ಕಪ್ಪು ಉಳಿದಾಗ ನಿಲ್ಲಿಸಿ. ಆ ಗೆರೆ ಅಳಿಸಿದರೆ ಸಮ ಮಾಡಿದ ಎತ್ತರವೇ ಹೋಯಿತು.

ಹೊಳಪಿಗೆ 600, 1000, 2000 ಪೇಪರ್ ಒಂದಾದ ಮೇಲೊಂದು. ಎಲೆಕ್ಟ್ರಿಕ್ ಗಿಟಾರ್‌ಗೆ ಸ್ಟೀಲ್ ವುಲ್ ಬಳಸುವುದಾದರೆ ತಂತಿಯ ಸದ್ದು ಹಿಡಿಯುವ ಪಿಕಪ್ ಮುಚ್ಚಿ, ಅದರ ಮ್ಯಾಗ್ನೆಟ್ ಆ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಚುಚ್ಚುವ ತುದಿಗಳನ್ನು ಮಾತ್ರ ಬೇಸಿಗೆಯಲ್ಲೇ ಉಜ್ಜಬಹುದು. ಮರ ಅತಿ ಕುಗ್ಗಿದಾಗ ಸಮ ಮಾಡಿದರೆ ಮುಂದೆ ಯಾವ ಕಾಲದಲ್ಲೂ ಹೊರಗೆ ಬರುವುದಿಲ್ಲ.

ಅಳತೆ ಮುಕ್ಕಾಲಿಗಿಂತ ಕಡಿಮೆ ಬಂದರೆ ಬದಲಿಸಬೇಕು. ಆದರೆ ಎಲ್ಲವನ್ನೂ ಅಲ್ಲ, ಮೊದಲ ಮೂರೋ ಐದೋ ಸಾಕು. ಮೊದಲ ಸಲ ನಾನು ಫ್ರೆಟ್ ಕಿತ್ತಾಗ ಬಿಸಿ ಮಾಡಲಿಲ್ಲ, ಸೀದಾ ಇಕ್ಕಳ ಹಾಕಿ ಎತ್ತಿದೆ. ರೋಸ್‌ವುಡ್ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಫ್ರೆಟ್‌ನ ಮರದೊಳಗಿನ ಕಾಲಿಗೆ ಸಣ್ಣ ಮುಳ್ಳುಗಳಿರುತ್ತವೆ, ಅವು ಮರವನ್ನು ಕಚ್ಚಿ ಹಿಡಿದಿರುತ್ತವೆ. ಸೋಲ್ಡರಿಂಗ್ ಐರನ್‌ನಿಂದ ಫ್ರೆಟ್ ಉದ್ದಕ್ಕೂ ಬಿಸಿ ಮಾಡಿದರೆ ಅಂಟು ಸಡಿಲ ಆಗುತ್ತದೆ. ಮೊಳೆ ಕೀಳುವ ಇಕ್ಕಳದ ಮೂತಿಯನ್ನು ಚಪ್ಪಟೆಯಾಗಿ ಸಾಣೆ ಹಿಡಿಸಿಟ್ಟುಕೊಳ್ಳಿ, ನೀರಲ್ಲಿ ಅದ್ದಿ ಅದ್ದಿ, ಉಕ್ಕು ಮೆತ್ತಗಾಗದ ಹಾಗೆ. ಅದನ್ನು ಫ್ರೆಟ್‌ನ ತುದಿಯಡಿ ತೂರಿಸಿ ಸುಮ್ನೆ ಹಿಡಿ ಮುಚ್ಚಿ, ಸ್ವಲ್ಪ ಮುಂದೆ ಸರಿಸಿ, ಮತ್ತೆ ಮುಚ್ಚಿ. ಎಳೆಯಬೇಡಿ. ಮೂತಿಯ ಇಳಿಜಾರೇ ಅದನ್ನು ಮೇಲೆತ್ತುತ್ತದೆ.

ಹೊಸ ಫ್ರೆಟ್ ತಂತಿಯನ್ನು ಕತ್ತಿನ ಅಡ್ಡ ಬಾಗಿಗಿಂತ ಸ್ವಲ್ಪ ಜಾಸ್ತಿ ಬಗ್ಗಿಸಿ, ಎರಡೂ ತುದಿ ಮೊದಲು ಕೂರಿಸಿ, ಆಮೇಲೆ ನಡುವೆ ಹೊಡೆಯಿರಿ. ಸುತ್ತಿಗೆ ನೈಲಾನ್ ಅಥವಾ ಹಿತ್ತಾಳೆಯದು ಇರಲಿ, ಕಬ್ಬಿಣದ್ದು ಫ್ರೆಟ್ ಮೇಲೆ ಗುರುತು ಮಾಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್ ಮೊದಲ ಸಲಕ್ಕೆ ಬೇಡ, ನಿಮ್ಮ ಅರವನ್ನೇ ತಿಂದುಬಿಡುತ್ತದೆ.

ಫ್ರೆಟ್ ತಂತಿ ತರಿಸುವಾಗ ಮೂರು ಅಳತೆ ಬರೆದಿಟ್ಟುಕೊಳ್ಳಿ: ನೆತ್ತಿಯ ಅಗಲ, ಎತ್ತರ, ಕಾಲಿನ ದಪ್ಪ. ಸವೆಯದ ಹದಿನೈದನೇ ಫ್ರೆಟ್‌ನಲ್ಲಿ ಅಗಲ, ಎತ್ತರ ಅಳೆಯಿರಿ, ಆಗ ಹಳೆಯದೂ ಹೊಸದೂ ಹೊಂದುತ್ತವೆ. ಕಾಲಿನ ದಪ್ಪ ಕಿತ್ತ ಫ್ರೆಟ್‌ನಲ್ಲೇ ಸಿಗುತ್ತದೆ.