ಕೆಸರು ನೀರಿನಲ್ಲಿ ಹಗ್ಗವೇ ಕಣ್ಣು

ನಮ್ಮ ಅಜ್ಜಿಯ ಊರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹತ್ತಿರ. ಅಲ್ಲಿ ಇಡೀ ಬೀದಿಗೆ ಪಾತಾಳಗರಡಿ ಇದ್ದದ್ದು ಒಂದೇ ಮನೆಯಲ್ಲಿ. ಬಾವಿಗೆ ಬಿಂದಿಗೆ ಬಿದ್ದರೆ ಅವರ ಮನೆಗೇ ಹೋಗಬೇಕು. ಸುಮ್ನೆ ಕೊಡುತ್ತಿರಲಿಲ್ಲ, ಒಂದು ಚೊಂಬೋ ತಟ್ಟೆಯೋ ಅಡ ಇಟ್ಟು ತರಬೇಕಿತ್ತು. ಒಂದು ಕಬ್ಬಿಣದ ಬಳೆ, ಅದರ ಸುತ್ತ ನೇತಾಡುವ ಕೊಕ್ಕೆಗಳು, ಮೇಲೊಂದು ಹಗ್ಗ. ಅಷ್ಟೇ. ಅದನ್ನು ಇಳಿಬಿಟ್ಟ ಮೇಲೆ ಅಜ್ಜಿ ಬಾವಿಯೊಳಗೆ ಬಗ್ಗಿ ನೋಡುತ್ತಲೇ ಇರಲಿಲ್ಲ. ಮುಖ ಎತ್ತಲೋ ತಿರುಗಿಸಿ, ಹಗ್ಗವನ್ನು ಬೆರಳಲ್ಲಿ ಆಡಿಸುತ್ತಾ, ‘ಇದು ಕೆಸರು... ಇದು ಕಲ್ಲು... ಹಾಂ, ಸಿಕ್ತು’ ಅನ್ನುತ್ತಿದ್ದರು. ಕೆಸರಾದರೆ ಹಗ್ಗ ಮೆತ್ತಗೆ ಸಡಿಲವಾಗುತ್ತದೆ. ಕಲ್ಲಾದರೆ ಟಕ್ ಅಂತ ತಿಳಿಯುತ್ತದೆ. ಬಿಂದಿಗೆಯ ಕಂಠವಾದರೆ ಕೆರೆದ ಹಾಗೆ ಸಣ್ಣದೊಂದು ನಡುಕ.

ಈಚೆಗೆ ನ್ಯೂಯಾರ್ಕ್ ಪೊಲೀಸರ ಬಂದರು ಗಸ್ತು ಪಡೆಯ ಬಗ್ಗೆ ಓದುವಾಗ ಅಜ್ಜಿ ನೆನಪಾದರು. ಆ ಪಡೆ ಶುರುವಾಗಿದ್ದು 1858ರಲ್ಲಿ, ಹಡಗಿನ ಸರಕು ಕದಿಯುವ ಕಳ್ಳರನ್ನು ಹಿಡಿಯಲು. ಲಂಡನ್ನಿನ ಥೇಮ್ಸ್ ನದಿಯಲ್ಲಿ ಇಂಥದ್ದೇ ಪಡೆ ಇನ್ನೂ ಮುಂಚೆ, 1798ರಲ್ಲೇ ಬಂತು. ಆ ಊರಿನ ಮೆಟ್ರೊಪಾಲಿಟನ್ ಪೊಲೀಸ್ ಹುಟ್ಟಿದ್ದು 1829ರಲ್ಲಿ. ಅಂದರೆ ಅಲ್ಲಿ ನೀರಿನ ಪೊಲೀಸರೇ 31 ವರ್ಷ ದೊಡ್ಡವರು! ಈಗ ನ್ಯೂಯಾರ್ಕಿನ ಪಡೆಗೆ ಬೇರೆ ಕೆಲಸಗಳೂ ಸೇರಿವೆ. ನೀರಿಗೆ ಬಿದ್ದವರನ್ನು ಎತ್ತುವುದು, ಮುಳುಗಿದ್ದನ್ನು ಹುಡುಕುವುದು. ಕಾರು, ಪಿಸ್ತೂಲು, ಕೆಲವೊಮ್ಮೆ ಮನುಷ್ಯರು.

ಕೋಲಾರಕ್ಕೂ ಬಂದರಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನಮಗೆ ಸಮುದ್ರ ಇಲ್ಲ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಆದರೆ ಕೆರೆಗಳಿವೆ, ಕಲ್ಲು ಕ್ವಾರಿಗಳಿವೆ, ಕೃಷಿ ಹೊಂಡಗಳಿವೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ, ವರ್ಷಗಟ್ಟಲೆ ಒಣಗಿದ್ದ ಎಷ್ಟೋ ಕೆರೆ ತುಂಬಿವೆ. ಒಣಗಿದ್ದಾಗ ಮಣ್ಣು ತೆಗೆದ ಗುಂಡಿಗಳು ನೀರಿನಡಿ ಹಾಗೇ ಉಳಿದಿರುತ್ತವೆ. ಮೊಣಕಾಲುದ್ದ ನೀರಲ್ಲಿ ನಡೆಯುತ್ತಿದ್ದವನಿಗೆ ಮುಂದಿನ ಹೆಜ್ಜೆಯಲ್ಲೇ ಎರಡಾಳು ಆಳ. ಆಗ ಬರುವವರು ಅಗ್ನಿಶಾಮಕದವರು, ಇಲ್ಲವೇ ಊರಿನ ಈಜುಗಾರರು. ಇವರಿಗೂ ನ್ಯೂಯಾರ್ಕಿನವರಿಗೂ ಇರುವ ತಾಪತ್ರಯ ಒಂದೇ. ನೀರಿನೊಳಗೆ ಏನೂ ಕಾಣುವುದಿಲ್ಲ.

ಯಾಕೆ ಕಾಣುವುದಿಲ್ಲ? ಜೇಡಿಮಣ್ಣಿನ ಒಂದು ಕಣ ಮಿಲಿಮೀಟರಿನ 500ನೇ ಒಂದು ಭಾಗಕ್ಕಿಂತಲೂ ಸಣ್ಣದು. ಸಣ್ಣದಾಗಿರುವುದು ಒಂದು ಕಷ್ಟವಾದರೆ, ಕಣಗಳ ಮೈಮೇಲೆ ಋಣ ವಿದ್ಯುತ್ ಇರುವುದು ಇನ್ನೊಂದು. ಒಂದನ್ನೊಂದು ದೂರ ತಳ್ಳುತ್ತವೆ, ಕೂಡಿಕೊಂಡು ಗಟ್ಟಿಯಾಗಿ ತಳ ಸೇರುವುದಿಲ್ಲ. ಕೊಡದ ನೀರಿಗೆ ಪಟಿಕ ಉಜ್ಜಿದರೆ ತಿಳಿಯಾಗುವುದು ಈ ತಳ್ಳಾಟ ನಿಲ್ಲುವುದರಿಂದ. ಕೆರೆಗೆ ಪಟಿಕ ಉಜ್ಜೋಕಾಗಲ್ಲ ಅಲ್ವಾ? ಹಾಗಾದರೆ ಟಾರ್ಚ್ ತೆಗೆದುಕೊಂಡು ಇಳಿಯಬಹುದಲ್ಲ ಅನ್ನಿಸುತ್ತದೆ. ಬೆಳಗಿನ ಜಾವ ನಂದಿ ಬೆಟ್ಟದ ರಸ್ತೆಯಲ್ಲಿ ಮಂಜಿನೊಳಗೆ ಹೈ ಬೀಮ್ ಹಾಕಿ ನೋಡಿದವರಿಗೆ ಗೊತ್ತು, ಬೆಳಕೆಲ್ಲ ವಾಪಸ್ಸು ಕಣ್ಣಿಗೇ ಹೊಡೆಯುತ್ತದೆ. ನೀರಲ್ಲೂ ಅದೇ ಕತೆ.

ಹಾಗಾಗಿ ಮುಳುಗುಗಾರರು ಹುಡುಕುವುದು ಕೈಯಿಂದ. ಮೇಲೆ ಒಬ್ಬ ಹಗ್ಗ ಹಿಡಿದು ನಿಲ್ಲುತ್ತಾನೆ. ಹಗ್ಗದ ತುದಿಯಲ್ಲಿರುವವನು ಅದನ್ನು ಬಿಗಿಯಾಗಿ ಇಟ್ಟುಕೊಂಡು, ತಳವನ್ನು ಸವರುತ್ತಾ ಅರ್ಧ ಸುತ್ತು ಹೋಗುತ್ತಾನೆ. ಆ ಅರ್ಧ ಸುತ್ತು ಮುಗಿದರೆ ಮೇಲಿನವನು ಸ್ವಲ್ಪ ಹಗ್ಗ ಬಿಡುತ್ತಾನೆ. ಈಗ ಇನ್ನೊಂದು ಅರ್ಧ ಸುತ್ತು, ಹಿಂದಿನದಕ್ಕೆ ಒಂಚೂರು ತಾಕುವ ಹಾಗೆ. ಗೂಟಕ್ಕೆ ಕಟ್ಟಿದ ಹಸು ಹುಲ್ಲು ಮೇಯುತ್ತದಲ್ಲ, ಹಾಗೆ. ಒಂದು ಗೇಣೂ ಬಿಡುವಂತಿಲ್ಲ. ಮಾತಿಗೂ ಅದೇ ಹಗ್ಗ. ಪಡೆಯಿಂದ ಪಡೆಗೆ ಸನ್ನೆ ಬೇರೆ ಇರುತ್ತದೆ, ಆದರೆ ಬಹಳ ಕಡೆ ಒಂದು ಎಳೆತ ಅಂದರೆ ‘ಚೆನ್ನಾಗಿದ್ದೀನಿ’, ನಾಲ್ಕು ಎಳೆತ ಅಂದರೆ ‘ಸಹಾಯ ಬೇಕು’. ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡುವ ಮುಳುಗುಗಾರರೂ ಇದ್ದಾರಂತೆ. ತೆರೆದರೆ ಏನೋ ಕಂಡಂತಾಗಿ ಮನಸ್ಸು ಅತ್ತ ಹೋಗುತ್ತದೆ. ಅಜ್ಜಿ ಮುಖ ತಿರುಗಿಸುತ್ತಿದ್ದದ್ದೂ ಇದಕ್ಕೇ ಇರಬೇಕು.

ಬೆಳಕು ಸೋತಲ್ಲಿ ಶಬ್ದ ಗೆಲ್ಲುತ್ತದೆ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡನ್ ಎಂಬ ವಿಜ್ಞಾನಿ ಎರಡು ದೋಣಿಗಳನ್ನು ದೂರ ದೂರ ನಿಲ್ಲಿಸಿದರು. ಒಂದು ಕಡೆ ನೀರಿನೊಳಗೆ ಗಂಟೆ ಬಾರಿಸಿ, ಅದೇ ಕ್ಷಣಕ್ಕೆ ಮೇಲೆ ಮದ್ದಿನ ಪುಡಿಗೆ ಬೆಂಕಿ ಹಚ್ಚುವುದು. ಇನ್ನೊಂದು ಕಡೆ ಬೆಳಕು ನೋಡಿದವನು ನೀರಲ್ಲಿಳಿಸಿದ ಕೊಳವೆಗೆ ಕಿವಿಯಿಟ್ಟು ಗಂಟೆಗೆ ಕಾಯುವುದು. ಸಿಕ್ಕ ವೇಗ ಸೆಕೆಂಡಿಗೆ 1435 ಮೀಟರ್, ಗಾಳಿಯಲ್ಲಿರುವುದರ ನಾಲ್ಕು ಪಟ್ಟಿಗೂ ಜಾಸ್ತಿ. ಪ್ರತಿಧ್ವನಿಯಿಂದ ನೀರಿನಡಿ ಹುಡುಕುವ ಇವತ್ತಿನ ಸೋನಾರ್ ಯಂತ್ರ ನಿಂತಿರುವುದೂ ಶಬ್ದದ ಈ ಓಟದ ಮೇಲೆಯೇ. ದೋಣಿಯ ಹಿಂದೆ ಮೀನಿನಾಕಾರದ ಒಂದು ಉಪಕರಣ ಎಳೆದುಕೊಂಡು ಹೋಗುತ್ತಾರೆ. ಅದು ಎರಡೂ ಪಕ್ಕಕ್ಕೆ ಬೀಸಣಿಗೆಯಂತೆ ಶಬ್ದ ಬಿಡುತ್ತದೆ. 30 ಮೀಟರ್ ದೂರದ ವಸ್ತುವಿನಿಂದ ಪ್ರತಿಧ್ವನಿ ವಾಪಸ್ಸಾಗಲು ಸೆಕೆಂಡಿನ 25ನೇ ಒಂದು ಭಾಗ ಸಾಕು. ಪರದೆಯ ಮೇಲೆ ನೋಡಬೇಕಾದ್ದು ವಸ್ತುವನ್ನಲ್ಲ, ಅದರ ನೆರಳನ್ನು. ಶಬ್ದಕ್ಕೂ ನೆರಳಿದೆ, ಆಕಾರ ಗೊತ್ತಾಗುವುದು ಅದರಲ್ಲೇ. ಆದರೆ ನಮ್ಮ ಕೆರೆಗಳಲ್ಲಿ ಜೊಂಡು ಬೆಳೆದಿದ್ದರೆ ಈ ಯಂತ್ರದ ಆಟ ನಡೆಯುವುದಿಲ್ಲ. ಗಿಡದ ದಂಟು, ಗಾಳಿಗುಳ್ಳೆ ಎಲ್ಲವೂ ಪ್ರತಿಧ್ವನಿ ಕೊಡುತ್ತವೆ. ಆಗ ಮತ್ತೆ ಕೈ, ಮತ್ತೆ ಹಗ್ಗ.

ಎಲ್ಲಿಂದ ಶುರು ಮಾಡಬೇಕು? ನನ್ನ ಕೇಳಿದರೆ ಇದು ಯಂತ್ರಕ್ಕಿಂತ ದೊಡ್ಡ ಪ್ರಶ್ನೆ. ನಿಂತ ನೀರಲ್ಲಿ ಮುಳುಗಿದವರು ಹೆಚ್ಚು ಕಡಿಮೆ ಮುಳುಗಿದ ಜಾಗದ ನೇರಕ್ಕೇ ತಳ ಸೇರಿರುತ್ತಾರೆ. ಕೆರೆ ಏರಿಯ ಮೇಲೆ ನೂರು ಜನ ನೂರು ಕಡೆ ಕೈ ತೋರಿಸುತ್ತಾರೆ. ಬೇಕಾದ್ದು ನಿಜವಾಗಿ ಕಂಡ ಇಬ್ಬರು. ಅವರನ್ನು ಆಗ ನಿಂತಿದ್ದ ಜಾಗದಲ್ಲೇ ಬೇರೆ ಬೇರೆಯಾಗಿ ನಿಲ್ಲಿಸಿ, ಕೈ ತೋರಿಸಲು ಹೇಳಬೇಕು. ಎರಡು ಗೆರೆ ಕೂಡುವ ಕಡೆ ಹಗ್ಗ ಇಳಿಸಬೇಕು.

ಉಸಿರು ತುಂಬಿಕೊಂಡರೆ ನಮ್ಮಲ್ಲಿ ಹೆಚ್ಚಿನವರು ತೇಲುತ್ತೇವೆ, ಪೂರ್ತಿ ಬಿಟ್ಟರೆ ನಿಧಾನಕ್ಕೆ ಇಳಿಯುತ್ತೇವೆ. ಅಂತರ ಅಷ್ಟೇ. ಸಮುದ್ರದ ನೀರು ಉಪ್ಪಿನಿಂದಾಗಿ ಲೀಟರಿಗೆ ಸುಮಾರು 25 ಗ್ರಾಂ ಜಾಸ್ತಿ ತೂಗುತ್ತದೆ. ಹಾಗಾಗಿ 60 ಲೀಟರ್ ಗಾತ್ರದ ಮೈಯನ್ನು ಅದು ಒಂದೂವರೆ ಕಿಲೋದಷ್ಟು ಜಾಸ್ತಿ ಎತ್ತಿ ಹಿಡಿಯುತ್ತದೆ. ಕೆರೆಯ ನೀರಿಗೆ ಆ ಕರುಣೆ ಇಲ್ಲ. ದೇಹ ಮತ್ತೆ ಮೇಲೆ ಬರುವುದು ಒಳಗೆ ಬ್ಯಾಕ್ಟೀರಿಯಾಗಳಿಂದ ಅನಿಲ ತುಂಬಿದ ಮೇಲೆ. ಬೆಚ್ಚಗಿನ ಕೆರೆಯಲ್ಲಿ ಬೇಗ, ಕ್ವಾರಿಯ ಆಳದ ತಣ್ಣೀರಲ್ಲಿ ನಿಧಾನ. 10 ಮೀಟರ್ ಆಳಕ್ಕೆ ಒತ್ತಡ ಎರಡು ಪಟ್ಟಾಗಿ, ಅನಿಲದ ಗಾತ್ರ ಅರ್ಧವಾಗುವುದೂ ಇದಕ್ಕೆ ಕಾರಣ.

ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಅಂತ ಸಿನಿಮಾ ನೋಡಿ ನಂಬಿದ್ದೇವೆ. ನ್ಯೂಯಾರ್ಕಿನ ಆರ್ಚರ್ಡ್ ಬೀಚ್‌ನಲ್ಲಿ ಜೀವರಕ್ಷಕರಾಗಿದ್ದ ಫ್ರಾಂಕ್ ಪಿಯಾ, ನಿಜವಾಗಿ ಮುಳುಗುತ್ತಿದ್ದವರ ದೃಶ್ಯಗಳನ್ನು ಚಿತ್ರೀಕರಿಸಿ ನೋಡಿದಾಗ ಕಂಡದ್ದು ಬೇರೆ. ಸದ್ದೇ ಇಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುವಷ್ಟರಲ್ಲಿ ಉಸಿರಿಗೇ ಸಮಯ ಸಾಲದು, ಕೂಗುವುದು ಎಲ್ಲಿ ಬಂತು? ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ. ಹೀಗೆ 20ರಿಂದ 60 ಸೆಕೆಂಡು. ಆಮೇಲೆ ಇಲ್ಲ. ಕೋಲಾರದಿಂದ ಯಾವ ದೋಣಿಯೂ ಅಷ್ಟರಲ್ಲಿ ಬರಲಾರದು.

ಕೃಷಿ ಹೊಂಡ ಇನ್ನೂ ಕಷ್ಟ. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿರುತ್ತದೆ, ಈಜು ಬಂದವನಿಗೂ ಹತ್ತಲು ಕಾಲು ನಿಲ್ಲುವುದಿಲ್ಲ. ತಲೆಯಷ್ಟು ಮೇಲಿಡಲು ಕೆಲವೇ ಕಿಲೋ ತೇಲುವ ಬಲ ಸಾಕು. ಮುಚ್ಚಳ ಬಿಗಿದ 10 ಲೀಟರಿನ ಖಾಲಿ ಕ್ಯಾನ್ ಸುಮಾರು 10 ಕಿಲೋ ಎತ್ತಿ ಹಿಡಿಯುತ್ತದೆ. ಮಾವಿನ ತೋಟದ ಹೊಂಡದ ಹತ್ತಿರ ಹಗ್ಗ ಕಟ್ಟಿದ ಕ್ಯಾನ್ ಇಡಿ ಅಂತ ನಮ್ಮ ಸೋದರಮಾವನಿಗೆ ಹೇಳಿದ್ದೆ. ಇಟ್ಟಿದ್ದರು. ಹೋದ ಸಲ ನೋಡಿದರೆ ಕ್ಯಾನಿನ ತಳದಲ್ಲಿ ಮೂರು ತೂತು.

‘ಇದೇನ್ ಮಾವ?’

‘ಎರಡು ಸಲ ಕದ್ಕೊಂಡ್ ಹೋದ್ರಪ್ಪ. ತೂತಿರೋದನ್ನ ಯಾರು ಒಯ್ತಾರೆ?’

ಅದನ್ನು ನೀರಿಗೆ ಹಾಕಿದೆ. ಗುಳುಗುಳು ಅಂತ ನೀರು ತುಂಬಿ, ಬಾಯಿ ಮಟ್ಟಕ್ಕೆ ಬಂದು ನಿಂತಿತು. ಪ್ಲಾಸ್ಟಿಕ್ ನೀರಿಗಿಂತ ಒಂಚೂರು ಹಗುರ, ಅದಕ್ಕೇ ಅಷ್ಟಾದರೂ ತೇಲಿತು. ಒಂದು ಬೆರಳಲ್ಲಿ ಒತ್ತಿದೆ, ಕೆಳಗೆ ಹೋಯಿತು. ಮಾವ ಸ್ವಲ್ಪ ಹೊತ್ತು ನೋಡಿದರು. ಹಗ್ಗ ಎಳೆದು ಕ್ಯಾನ್ ಮೇಲೆ ತಂದರು. ಮಾತಾಡದೆ ಪಂಪ್ ಮನೆಗೆ ಹೋಗಿ ಹೊಸ ಕ್ಯಾನ್ ತಂದು, ಅದರ ಮೇಲೆ ಕೆಂಪು ಪೇಂಟಿನಲ್ಲಿ ತಮ್ಮ ಹೆಸರು ಬರೆಯತೊಡಗಿದರು.