ಜೆಆರ್ ಅಂದ್ರೆ ಏನು? ಜಪಾನ್ ರೈಲಿನ ಇಂಗ್ಲಿಷ್ ಯಾರಿಗೋಸ್ಕರ?

ಜಪಾನ್‌ಗೆ ಟೂರ್ ಪ್ಲಾನ್ ಮಾಡೋರು ಮೊದ್ಲು ಹುಡುಕೋದೇ ಅಲ್ಲಿ ರೈಲಲ್ಲಿ ಓಡಾಡೋಕೆ ಸಿಗೋ ಜೆಆರ್ ಪಾಸ್ ಬಗ್ಗೆ. ಹೋಗಿ ಬಂದೋರೂ "ಜೆಆರ್‌ನಲ್ಲಿ ಹೋದ್ವಿ" ಅಂತ, ನಮ್ಮ ಇಂಡಿಯನ್ ರೈಲ್ವೇಸ್ ತರ ಅದೂ ಒಂದೇ ಸಂಸ್ಥೆ ಅನ್ನೋ ಹಾಗೆ ಮಾತಾಡ್ತಾರೆ. ಆದ್ರೆ ಇಡೀ ದೇಶದ ರೈಲು ಓಡಿಸೋ ಜೆಆರ್ ಅನ್ನೋ ಒಂದೇ ಕಂಪನಿ ಅಂತ ಯಾವ್ದೂ ಇಲ್ಲ. ಅದು ಏಳು ಕಂಪನಿ ಸೇರಿ ಇಟ್ಕೊಂಡಿರೋ ಕರೆಯೋ ಹೆಸ್ರು, ಅಷ್ಟೆ.

1949ರಿಂದ ಅಲ್ಲಿ ರೈಲು ಓಡಿಸ್ತಾ ಇದ್ದದ್ದು ಒಂದು ಸರ್ಕಾರಿ ನಿಗಮ. ಜನ ಅದನ್ನ ಕೊಕುತೆತ್ಸು ಅಂತಿದ್ರು, 'ಕೊಕು' ಅಂದ್ರೆ ದೇಶ, 'ತೆತ್ಸು' ಅಂದ್ರೆ ಕಬ್ಬಿಣ, ಕಬ್ಬಿಣದ ದಾರಿ. 1964ರಲ್ಲಿ ಶಿಂಕಾನ್ಸೆನ್, ಅಂದ್ರೆ ನಾವು ಬುಲೆಟ್ ಟ್ರೈನ್ ಅನ್ನೋದನ್ನ, ಓಡಿಸಿ ಪ್ರಪಂಚನೇ ಬಾಯಿಬಿಟ್ಟು ನೋಡೋ ಹಾಗೆ ಮಾಡಿದ್ದೂ ಇದೇ ನಿಗಮ, ಕೊನೆಗೆ ಸುಮಾರು 37 ಲಕ್ಷ ಕೋಟಿ ಯೆನ್ ಸಾಲ ಮಾಡ್ಕೊಂಡು ಮುಳುಗಿದ್ದೂ ಇದೇ. 1987ರ ಏಪ್ರಿಲ್ 1ಕ್ಕೆ ಅದನ್ನ ಒಡೆದು ಪ್ರಯಾಣಿಕರ ರೈಲಿಗೆ ಪ್ರದೇಶಕ್ಕೊಂದರಂತೆ ಆರು ಕಂಪನಿ, ಗೂಡ್ಸ್‌ಗೆ ಒಂದು ಕಂಪನಿ ಮಾಡಿದ್ರು. ಹುಬ್ಬಳ್ಳಿಯ ನೈಋತ್ಯ ರೈಲ್ವೆ, ಚೆನ್ನೈನ ದಕ್ಷಿಣ ರೈಲ್ವೆ ಇವೆಲ್ಲ ಒಂದೇ ಸಂಸ್ಥೆಯ ಝೋನುಗಳು, ಅಲ್ಲಿ ಹಾಗಲ್ಲ, ಲೆಕ್ಕಪತ್ರ ಎಲ್ಲ ಬೇರೆ ಬೇರೆ ಇರೋ ನಿಜವಾದ ಕಂಪನಿಗಳು. ಪೂರ್ವ, ಮಧ್ಯ, ಪಶ್ಚಿಮ, ಕ್ಯೂಶೂ ಇವು ನಾಲ್ಕು ಈಗ ಶೇರ್ ಮಾರ್ಕೆಟ್‌ನಲ್ಲಿವೆ, ಹೊಕ್ಕೈಡೊ, ಶಿಕೊಕು ಮತ್ತೆ ಗೂಡ್ಸ್ ಕಂಪನಿ ಇವತ್ತಿಗೂ ಸರ್ಕಾರದ ಕೈಯಲ್ಲೇ ಇವೆ.

ಇವುಗಳ ಕಾನೂನು ಪ್ರಕಾರದ ಹೆಸ್ರು ಅಪ್ಪಟ ಜಪಾನೀಸ್. ಉದಾಹರಣೆಗೆ ಪೂರ್ವದ ಕಂಪನಿ ಹೆಸ್ರು 'ಹಿಗಾಶಿ-ನಿಹೊನ್ ರ್ಯೊಕಾಕು ತೆತ್ಸುದೊ', ಅಂದ್ರೆ ಪೂರ್ವ ಜಪಾನ್ ಪ್ರಯಾಣಿಕ ರೈಲ್ವೆ. ಜೆಆರ್ ಅನ್ನೋ ಅಕ್ಷರ ಆ ಹೆಸ್ರಲ್ಲಿ ಎಲ್ಲೂ ಬರಲ್ಲ. ದಿನಾ ಟ್ರೈನ್ ಹತ್ತೋ ಜನ ಅಷ್ಟುದ್ದ ಹೇಳ್ತಾರಾ? ಹಳೇ 'ಕೊಕುತೆತ್ಸು'ನೂ ಬಳಸೋ ಹಾಗಿಲ್ಲ, ದೇಶದ್ದಲ್ಲ ಇನ್ನು ಅಂತ ತೋರಿಸೋಕೇ ತಾನೇ ಒಡೆದಿದ್ದು. ಅಲ್ಲಿ ಬಂತು ಜಪಾನ್ ರೈಲ್ವೇಸ್, ಅದರ ಎರಡೂ ಪದದ ಮೊದಲ ಇಂಗ್ಲಿಷ್ ಅಕ್ಷರ, ಜೆ ಮತ್ತೆ ಆರ್. ಜಪಾನೀಯರ ಬಾಯಲ್ಲಿ 'ಜೇ-ಆರು'. ಒಂದೇ ಲೋಗೊ, ಕಂಪನಿಗೊಂದು ಬಣ್ಣ, ಪೂರ್ವಕ್ಕೆ ಹಸಿರು, ಮಧ್ಯಕ್ಕೆ ಕಿತ್ತಳೆ, ಪಶ್ಚಿಮಕ್ಕೆ ನೀಲಿ, ಕ್ಯೂಶೂಗೆ ಕೆಂಪು. ಇಲ್ಲೊಂದು ಮಜಾ ವಿಷ್ಯ ಹೇಳ್ಬೇಕು, ತೆತ್ಸು ಅನ್ನೋ ಚಿತ್ರಾಕ್ಷರದಲ್ಲಿ ಎಡಕ್ಕಿರೋದು ಲೋಹ ಅಥವಾ ದುಡ್ಡು, ಬಲಕ್ಕಿರೋದು 'ಕಳ್ಕೊಳ್ಳೋದು', ಅಂದ್ರೆ ದುಡ್ಡು ಕಳ್ಕೊಳ್ಳೋ ಅಕ್ಷರ. ಅಷ್ಟು ಸಾಲ ನೋಡಿದ್ಮೇಲೆ ಯಾರಿಗೆ ಬೇಕು ಆ ಅಪಶಕುನ, ಹಾಗಾಗಿ ಹೊಸ ಕಂಪನಿಗಳು ಲೋಗೊ ಜೊತೆ ಬರೆಯೋ ಹೆಸ್ರಲ್ಲಿ ಆ ಅಕ್ಷರದ ಬಲಗಡೆ ಭಾಗ ಸ್ವಲ್ಪ ತಿದ್ದಿ ಬಾಣ ಅನ್ನೋ ಅರ್ಥದ ಅಕ್ಷರ ಮಾಡ್ಕೊಂಡ್ವು, ಶಿಕೊಕು ಒಂದು ಬಿಟ್ಟು.

ಈಗ ಈ ಪದದ ಹಿಂದಿರೋ ಅಸಲಿ ಪ್ರಶ್ನೆಗೆ ಬರೋಣ. ಇಂಗ್ಲಿಷ್ ಮಾತಾಡೋರು ತೀರಾ ಕಮ್ಮಿ ಇರೋ ದೇಶದಲ್ಲಿ ರೈಲ್ವೆ ಯಾಕೆ ಇಂಗ್ಲಿಷ್ ಅಕ್ಷರ ಹಾಕ್ಕೊಳ್ತು? ಫಾರಿನ್ ಟೂರಿಸ್ಟ್‌ಗಳಿಗಾಗಿ ಅಂತ ನಾವು ಥಟ್ಟಂತ ಹೇಳ್ತೀವಿ. ನನ್ ಪ್ರಕಾರ ಅದು ತಪ್ಪು. ಆ ಇಂಗ್ಲಿಷ್ ಇರೋದು ಜಪಾನೀಯರಿಗೇ. ಹೊರಗಿನವ್ರಿಗೆ ಬೇಕಾದ ಇಂಗ್ಲಿಷ್ ಬೇರೇನೇ ಇದೆ, ಎಷ್ಟೋ ಸಲ ಎರಡೂ ಒಂದಕ್ಕೊಂದು ಹೊಂದೋದೂ ಇಲ್ಲ. ಮಧ್ಯದ ಕಂಪನಿನ ಅಲ್ಲಿಯವ್ರು ಕರೆಯೋದು ಜೆಆರ್ ತೊಕಾಯ್, ಅದೇ ಕಂಪನಿ ಇಂಗ್ಲಿಷ್ ಬೋರ್ಡಲ್ಲಿ ಜೆಆರ್ ಸೆಂಟ್ರಲ್. ನಾವು ಬುಲೆಟ್ ಟ್ರೈನ್ ಬುಲೆಟ್ ಟ್ರೈನ್ ಅಂತ ಬಡ್ಕೊಳ್ತೀವಿ, ಅಲ್ಲಿ ಯಾರೂ ಹಾಗನ್ನಲ್ಲ, ಶಿಂಕಾನ್ಸೆನ್ ಅಂತಾರೆ, 'ಹೊಸ ಮುಖ್ಯ ಮಾರ್ಗ' ಅನ್ನೋ ಬಹಳ ಸಪ್ಪೆ ಆಫೀಸ್ ಪದ.

ಅಲ್ಲಿ ರೈಲಿನ ಜೊತೆ ಇಂಗ್ಲಿಷ್ ಬಂದಿದ್ದು ಇವತ್ತು ನಿನ್ನೆ ಅಲ್ಲ. 1872ರಲ್ಲಿ ಶಿಂಬಾಶಿಯಿಂದ ಯೊಕೊಹಾಮಾಗೆ ಮೊದಲ ಲೈನ್ ಹಾಕಿದಾಗ ಎಂಜಿನಿಯರ್‌ಗಳು ಬ್ರಿಟನ್ನಿನವ್ರು, ಎಂಜಿನ್ನೂ ಅಲ್ಲಿಂದಲೇ ಬಂತು. ಆಗಿಂದ ಬಂದ ಪದಗಳು ಜಪಾನಿನ ನಾಲಿಗೆ ಮೇಲೆ ಉರುಳಿ ಉರುಳಿ ಬೇರೇನೇ ಆಗಿಬಿಟ್ವು. ಪ್ಲಾಟ್‌ಫಾರ್ಮ್ ಅನ್ನೋದು 'ಪುರಾತ್ತೊಹೋಮು' ಆಗಿ, ಅದ್ರ ತಲೆ ಕತ್ತರಿಸಿ ಬರೀ 'ಹೋಮು' ಆಯ್ತು. ಅದಕ್ಕೇ ಪ್ಲಾಟ್‌ಫಾರ್ಮ್ ಅಂಚಲ್ಲಿರೋ ಗಾಜಿನ ಬಾಗಿಲಿಗೆ ಅಲ್ಲಿ 'ಹೋಮು ದೋಆ', ಹೋಮ್ ಡೋರ್ ಅಂತಾರೆ, ಅದಕ್ಕೂ ಮನೆಗೂ ಸಂಬಂಧನೇ ಇಲ್ಲ. ಹಳ್ಳಿ ಕಡೆ ಒಂದೇ ಬೋಗಿ ರೈಲಿನ ಮುಂದೆ 'ವಾನ್‌ಮಾನ್' ಅಂತ ಬೋರ್ಡ್ ಇರತ್ತೆ, ಒನ್ ಮ್ಯಾನ್, ಅಂದ್ರೆ ಇದ್ರಲ್ಲಿ ಗಾರ್ಡ್ ಇಲ್ಲ, ಡ್ರೈವರ್ ಒಬ್ರೇ, ಟಿಕೆಟ್ ದುಡ್ಡನ್ನ ಮುಂದಿನ ಡಬ್ಬಿಗೆ ಹಾಕಿ ಇಳೀರಿ ಅಂತ. ಲಂಡನ್ನಿಂದ ಬಂದವ್ನು ಅದನ್ನ ನೋಡಿ ಒಬ್ಬನೇ ಕೂರೋ ರೈಲೇನೋ ಅಂದ್ಕೋಬೇಕಷ್ಟೆ. ಇಂಥ ಜಪಾನ್ ಮೇಡ್ ಇಂಗ್ಲಿಷ್‌ಗೆ ಅವರೇ ಇಟ್ಟಿರೋ ಹೆಸ್ರು 'ವಾಸೇ ಎಯ್ಗೊ'.

ಇದ್ರಲ್ಲಿ ನನಗೆ ಬಹಳ ಇಷ್ಟವಾಗೋದು ಸಿಲ್ವರ್ ಸೀಟ್ ಕಥೆ. 1973ರ ಸೆಪ್ಟೆಂಬರ್ 15, ಹಿರಿಯರನ್ನ ಗೌರವಿಸೋ ದಿನ ಅಂತ ಅಲ್ಲಿ ರಜೆ, ಅವತ್ತು ಟೋಕಿಯೊದ ಚುವೊ ಲೈನ್‌ನಲ್ಲಿ ವಯಸ್ಸಾದವ್ರಿಗೆ ಅಂತ ಪ್ರತ್ಯೇಕ ಸೀಟು ಶುರು ಮಾಡಿದ್ರು. ಬಟ್ಟೆ ಬಣ್ಣ ಬೇರೆ ಇದ್ರೆ ಗುರುತು ಸಿಗತ್ತಲ್ಲ, ಆದ್ರೆ ಹೊಸ ಬಟ್ಟೆ ತರ್ಸೋಕೆ ದುಡ್ಡೆಲ್ಲಿ, ಶಿಂಕಾನ್ಸೆನ್ ಸೀಟಿಗೆ ತಂದು ಉಳಿದಿದ್ದ ಬೂದಿ-ಬೆಳ್ಳಿ ಬಣ್ಣದ ಬಟ್ಟೆ ಇತ್ತು, ಅದನ್ನೇ ಹಾಕಿದ್ರು, ಹೆಸ್ರೂ ಅದನ್ನ ನೋಡೇ ಇಟ್ರು. ಆಮೇಲೇನಾಯ್ತು ಅಂದ್ರೆ 'ಸಿಲ್ವರ್' ಅನ್ನೋ ಪದಕ್ಕೇ ಜಪಾನೀಸ್‌ನಲ್ಲಿ ಹಿರಿಯ ನಾಗರಿಕರು ಅನ್ನೋ ಅರ್ಥ ಅಂಟ್ಕೊಂಡ್ಬಿಡ್ತು. ಹಿರಿಯರ ಬಸ್ ಪಾಸ್ ಸಿಲ್ವರ್ ಪಾಸ್, ನಿವೃತ್ತರಿಗೆ ಕೆಲಸ ಕೊಡ್ಸೋ ಕೇಂದ್ರ ಸಿಲ್ವರ್ ಕೇಂದ್ರ. 1990ರ ದಶಕದ ಕೊನೆಗೆ ಗರ್ಭಿಣಿಯರು, ಅಂಗವಿಕಲರು ಎಲ್ರಿಗೂ ಸೇರಿ 'ಆದ್ಯತೆಯ ಸೀಟು' ಅಂತ ಹೆಸ್ರು ಬದಲಾಯ್ತು, ರೈಲಿಂದ ಸಿಲ್ವರ್ ಇಳೀತು, ಭಾಷೆಯಿಂದ ಇಳೀಲಿಲ್ಲ.

ಹಳೇ ನಿಗಮದ ಜಾಹೀರಾತೂ ಇದೇ ದಾರೀಲಿ ಹೋಯ್ತು. 1970ರಲ್ಲಿ ಓಸಾಕಾದಲ್ಲಿ ಎಕ್ಸ್‌ಪೋ ಅನ್ನೋ ವಿಶ್ವ ಮೇಳ ಮುಗೀತು, ಕೋಟಿಗಟ್ಲೆ ಜನರನ್ನ ಕರ್ಕೊಂಡು ಬಂದಿದ್ದ ರೈಲುಗಳನ್ನ ಇನ್ನು ಯಾರು ಹತ್ತಬೇಕು? ಆಗ ಶುರು ಮಾಡಿದ್ದೇ 'ಡಿಸ್ಕವರ್ ಜಪಾನ್' ಕ್ಯಾಂಪೇನ್. ಪೋಸ್ಟರ್ ಮೇಲೆ ದೊಡ್ಡದಾಗಿ ಇಂಗ್ಲಿಷ್ ಅಕ್ಷರ, ಒಳಗೆ ಹಳೇ ದೇವಸ್ಥಾನ, ಹಳ್ಳಿ ಬೀದಿ, ಅಲ್ಲಿ ತಿರುಗಾಡ್ತಿರೋ ಪಟ್ಟಣದ ಹುಡುಗೀರು. ಜಪಾನೀಯರಿಗೆ ಜಪಾನನ್ನೇ ಮಾರೋಕೆ ಇಂಗ್ಲಿಷು, ಯಾಕಂದ್ರೆ ಆ ಎರಡು ಪದ ಹಾಕಿದ ತಕ್ಷಣ ಅಜ್ಜಿ ಊರೂ ಫಾರಿನ್ ತರ ಕಾಣತ್ತೆ. 1984ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ 'ಎಕ್ಸಾಟಿಕ್ ಜಪಾನ್' ಅಂದ್ರು. ಮಧ್ಯೆ 1981ರಲ್ಲಿ ವಯಸ್ಸಾದ ದಂಪತಿಗಳಿಗೊಂದು ಪಾಸ್ ಬಂತು, ಗಂಡ ಹೆಂಡ್ತಿ ಇಬ್ರ ವಯಸ್ಸು ಕೂಡಿದ್ರೆ ಕಮ್ಮಿ ಅಂದ್ರೂ 88 ಆಗಿರ್ಬೇಕಿತ್ತು, ಹೆಸ್ರು 'ಫುಲ್‌ಮೂನ್'. ಹನಿಮೂನ್ ಮುಗ್ದು ಬಹಳ ದಿನ ಆದವ್ರಿಗೆ ಫುಲ್‌ಮೂನ್, ಎಷ್ಟು ಚೆನ್ನಾಗಿದೆ ನೋಡಿ. ಇಂಗ್ಲಿಷ್‌ನವ್ರಿಗೆ ಇದು ಹೊಳೆಯೋದೇ ಇಲ್ಲ.

ಹೀಗೆ ಹಿಟ್ ಆಗ್ತಾ ಬಂದ ಮೇಲೆ ಜೆಆರ್ ಹುಟ್ಟಿದ ವರ್ಷನೇ ಒಂದು ಜೋರು ಫ್ಲಾಪ್ ಆಯ್ತು. ಟೋಕಿಯೊ ಲೋಕಲ್ ರೈಲುಗಳಿಗೆ ಅಲ್ಲೀತನಕ ಕೊಕುದೆನ್ ಅಂತಿದ್ರು, ದೇಶದ ಎಲೆಕ್ಟ್ರಿಕ್ ರೈಲು ಅಂತ ಅರ್ಥ, ಈಗ 'ದೇಶ' ಹೋಯ್ತಲ್ಲ, ಹೊಸ ಹೆಸ್ರು ಬೇಕು ಅಂತ ಪಬ್ಲಿಕ್‌ನ ಕೇಳಿದ್ರು. ಜನ ಜಾಸ್ತಿ ಕಳ್ಸಿದ್ದು 'ಮಿಂದೆನ್', ಜನರ ರೈಲು. ಕಮಿಟಿ ಆರಿಸಿದ್ದು 20ನೇ ಸ್ಥಾನದಲ್ಲಿದ್ದ 'ಇ-ದೆನ್'. ಆ ಇಂಗ್ಲಿಷ್ 'ಇ' ಅಂದ್ರೆ ಈಸ್ಟ್, ಎಲೆಕ್ಟ್ರಿಕ್, ಎಂಜಾಯ್, ಎನರ್ಜಿ ಅಂತೆಲ್ಲ ವಿವರಣೆ ಕೊಟ್ರು. ಒಂದು ಅಕ್ಷರಕ್ಕೆ ನಾಲ್ಕು ವಿವರಣೆ ಬೇಕಾಯ್ತು ಅಂದ್ರೇನೇ ಗೊತ್ತಾಗಿಬಿಡತ್ತೆ ಕಥೆ. ಸ್ಟೇಷನ್ ಬೋರ್ಡಲ್ಲಿ ಬರೆದ್ರು, ಅನೌನ್ಸ್ ಮಾಡಿದ್ರು, ಯಾರೂ ಬಾಯಲ್ಲಿ ಹೇಳ್ಲಿಲ್ಲ. ಕೆಲವೇ ವರ್ಷದಲ್ಲಿ ಅದು ಸತ್ತ ಪದ. ಜೆಆರ್ ಮಾತ್ರ ಗಟ್ಟಿಯಾಗಿ ನಿಂತ್ಕೊಳ್ತು. ಅದ್ರಲ್ಲೇನು ಚಮತ್ಕಾರ ಇರ್ಲಿಲ್ಲ, ಚಿಕ್ಕದಾಗಿತ್ತು, ಅದರ ಬದ್ಲು ಹೇಳೋಕೆ ಬೇರೆ ಪದ ಯಾವ್ದೂ ಇರ್ಲಿಲ್ಲ. ಲೋಕಲ್‌ಗಾದ್ರೆ ಯಾಮಾನೊತೆ ಲೈನ್, ಚುವೊ ಲೈನ್ ಅಂತ ಹೆಸ್ರು ಮೊದ್ಲಿಂದ್ಲೂ ಇತ್ತಲ್ಲ, ಇ-ದೆನ್ ಯಾರಿಗೆ ಬೇಕಿತ್ತು?

ಆಮೇಲೆ ಬಂದ, ಸ್ಟೇಷನ್ ಗೇಟಲ್ಲಿ ಒತ್ತಿ ಒಳಗೆ ಹೋಗೋ ಟಿಕೆಟ್ ಕಾರ್ಡುಗಳ ಹೆಸ್ರಲ್ಲಿ ಈ ಪಾಠ ಚೆನ್ನಾಗಿ ಕಲ್ತಿದಾರೆ. 2001ರಲ್ಲಿ ಜೆಆರ್ ಈಸ್ಟ್ ತಂದಿದ್ದು ಸುಯ್ಕಾ. ಕಾಗದದ ಮೇಲೆ 'ಸೂಪರ್ ಅರ್ಬನ್ ಇಂಟೆಲಿಜೆಂಟ್ ಕಾರ್ಡ್', ಕಿವಿಗೆ 'ಸುಯ್ ಸುಯ್' ಅಂದ್ರೆ ಸರಾಗವಾಗಿ, ಜೊತೆಗೆ ಸುಯ್ಕಾ ಅಂದ್ರೆ ಕಲ್ಲಂಗಡಿ ಹಣ್ಣು, ಕಾರ್ಡೂ ಹಸಿರು. 2003ರಲ್ಲಿ ಓಸಾಕಾ ಕಡೆಯ ಜೆಆರ್ ವೆಸ್ಟ್ ತಂದಿದ್ದು ಇಕೊಕಾ. ಅದಕ್ಕೂ 'ಐಸಿ ಆಪರೇಟಿಂಗ್ ಕಾರ್ಡ್' ಅಂತ ಇಂಗ್ಲಿಷ್ ಬಾಲ ಇದೆ, ಆದ್ರೆ ಓಸಾಕಾ ಆಡುಮಾತಲ್ಲಿ 'ಇಕೊ ಕಾ' ಅಂದ್ರೆ 'ಹೋಗೋಣ್ವಾ?'. ಹುಬ್ಬಳ್ಳಿಯಲ್ಲಿ ಒಂದು ಬಸ್ ಕಾರ್ಡ್‌ಗೆ 'ಹೋಗೂಣೇನ್' ಅಂತ ಹೆಸ್ರಿಟ್ಟು, ಅದನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಅದಕ್ಕೊಂದು ಇಂಗ್ಲಿಷ್ ಫುಲ್‌ಫಾರ್ಮ್ ಕಟ್ಟಿದ್ರೆ ಹೆಂಗಿರತ್ತೋ ಹಾಗೆ. 2009ರಲ್ಲಿ ಕ್ಯೂಶೂದವ್ರು ತಂದಿದ್ದು ಸುಗೊಕಾ, 'ಸ್ಮಾರ್ಟ್ ಅರ್ಬನ್ ಗೋಯಿಂಗ್ ಕಾರ್ಡ್', ಆದ್ರೆ ಕ್ಯೂಶೂ ಮಾತಲ್ಲಿ ಸುಗೊಕಾ ಅಂದ್ರೆ 'ಸಕತ್ತಾಗಿದೆ'. ಆ 'ಗೋಯಿಂಗ್ ಕಾರ್ಡ್' ಅನ್ನೋದನ್ನ ಯಾವ ಇಂಗ್ಲಿಷ್ ಮೇಷ್ಟ್ರೂ ಒಪ್ಪಲ್ಲ ಬಿಡಿ, ಒಪ್ಪಬೇಕಾದೋರು ಅವ್ರಲ್ವಲ್ಲ. 2013ರಿಂದ ಇಂಥ ಹತ್ತು ಕಾರ್ಡುಗಳು ಒಂದರ ಏರಿಯಾದಲ್ಲಿ ಇನ್ನೊಂದು ನಡೆಯತ್ತೆ, ಆದ್ರೂ ಹೆಸ್ರುಗಳನ್ನ ಒಂದು ಮಾಡೋಕೆ ಹೋಗಿಲ್ಲ.

ಇದ್ರ ಎದುರಿಗೆ ಜರ್ಮನಿ ಇಟ್ಟು ನೋಡಿ. ಅಲ್ಲೂ ಫಾಸ್ಟ್ ಟ್ರೈನ್ ಹೆಸ್ರು ಇಂಗ್ಲಿಷೇ, 1991ರಿಂದ ಓಡ್ತಿರೋ ಇಂಟರ್‌ಸಿಟಿ ಎಕ್ಸ್‌ಪ್ರೆಸ್, ಅದನ್ನ ಅವ್ರು 'ಈ-ತ್ಸೆ-ಎ' ಅಂತ ಪಕ್ಕಾ ಜರ್ಮನ್ ಅಕ್ಷರಮಾಲೆಯಲ್ಲೇ ಓದ್ತಾರೆ, ಅದ್ರ ಬಗ್ಗೆ ಯಾರ್ದೂ ತಕರಾರಿಲ್ಲ. ಆದ್ರೆ ಸ್ಟೇಷನ್ನಲ್ಲಿ 'ಸರ್ವೀಸ್ ಪಾಯಿಂಟ್', 'ಟಿಕೆಟ್ ಕೌಂಟರ್' ಅಂತೆಲ್ಲ ಹಾಕಿದಾಗ ಗಲಾಟೆ ಆಯ್ತು, ಅಲ್ಲಿನ ಒಂದು ಭಾಷಾ ಸಂಘ ಪ್ರತಿ ವರ್ಷ 'ಭಾಷೆ ಕಲಬೆರಕೆ ಮಾಡಿದವ್ರು' ಅಂತ ಕೊಡೋ ಅಣಕು ಬಿರುದನ್ನ 1999ರಲ್ಲೂ 2007ರಲ್ಲೂ ರೈಲ್ವೆ ಮುಖ್ಯಸ್ಥರಿಗೇ ಕೊಡ್ತು. ಕೊನೆಗೆ 2013ರಲ್ಲಿ ರೈಲ್ವೆನೇ ಸುಮಾರು 2,200 ಇಂಗ್ಲಿಷ್ ಪದಗಳಿಗೆ ಜರ್ಮನ್ ಬದಲಿ ಕೊಟ್ಟು ಸಿಬ್ಬಂದಿಗೆ ಪಟ್ಟಿ ಹಂಚಿತು. ಅಲ್ಲಿನ ಇಂಗ್ಲಿಷ್ ಸೀದಾ ಇಂಗ್ಲಿಷ್ ತರಾನೇ ನಿಂತಿತ್ತು, ಅದಕ್ಕೇ ಕಣ್ಣಿಗೆ ಚುಚ್ತು.

ಜಪಾನಲ್ಲಿ ಎಲ್ಲಾ ಇಂಗ್ಲಿಷೂ ಉಳೀತಾ ಅಂದ್ರೆ ಅದೂ ಇಲ್ಲ. 80-90ರ ದಶಕದಲ್ಲಿ ಎಕ್ಸ್‌ಪ್ರೆಸ್ ರೈಲುಗಳಿಗೆಲ್ಲ ಮುಂದೆ ಒಂದು ಇಂಗ್ಲಿಷ್ ಪದ ಸಿಕ್ಕಿಸೋ ಹುಚ್ಚು ಹಿಡಿದಿತ್ತು, ಸೂಪರ್ ಹಿತಾಚಿ, ಫ್ರೆಶ್ ಹಿತಾಚಿ, ಸೂಪರ್ ಅಜುಸಾ, ವೈಡ್ ವ್ಯೂ ಹಿದಾ. ಹೊಸ ಬೋಗಿ ಹಳೇದಾದ್ಮೇಲೆ ಫ್ರೆಶ್ ಎಲ್ಲಿ? ಎಲ್ಲಾ ರೈಲೂ ಅದೇ ಸ್ಪೀಡಾದ್ಮೇಲೆ ಸೂಪರ್ ಯಾವ್ದು? 2015ರಲ್ಲಿ ಹಿತಾಚಿಯಿಂದ, 2019ರಲ್ಲಿ ಅಜುಸಾಯಿಂದ, 2022ರಲ್ಲಿ ಹಿದಾಯಿಂದ ಆ ಬಾಲಂಗೋಚಿ ಕಳಚಿದ್ರು. ಸೂಪರ್ ಹಕುತೊ ತರ ಒಂದೆರಡು ಇನ್ನೂ ಉಳ್ಕೊಂಡಿವೆ. ಶಿಂಕಾನ್ಸೆನ್ ರೈಲುಗಳಿಗೆ ಮಾತ್ರ ಹಿಕಾರಿ, ನೊಜೊಮಿ, ಸಕುರಾ ಅಂತ ಬೆಳಕು, ಆಸೆ, ಚೆರ್ರಿ ಹೂವಿನ ಹೆಸ್ರೇ, ಅಲ್ಲಿ ಇಂಗ್ಲಿಷ್ ಸುಳಿದಿದ್ದು ಬಹಳ ಕಮ್ಮಿ.

ಇಷ್ಟೆಲ್ಲ ಗೊತ್ತಿದ್ದೂ 2018ರಲ್ಲಿ ಜೆಆರ್ ಈಸ್ಟ್ ಮತ್ತೆ ಇ-ದೆನ್ ಕೆಲಸಾನೇ ಮಾಡ್ತು. ಯಾಮಾನೊತೆ ಲೈನ್‌ನಲ್ಲಿ 1971ರ ನಂತರ ಮೊದಲ ಹೊಸ ಸ್ಟೇಷನ್, ಹೆಸ್ರು ಸೂಚಿಸಿ ಅಂದ್ರು, 64,052 ಸಲಹೆ ಬಂತು. ಮೊದಲ ಸ್ಥಾನ ಆ ಏರಿಯಾದ್ದೇ ಹೆಸ್ರು 'ತಕಾನಾವಾ', 8,398 ವೋಟು. ಕಂಪನಿ ಘೋಷಿಸಿದ್ದು 'ತಕಾನಾವಾ ಗೇಟ್‌ವೇ', ಅದಕ್ಕೆ ಬಂದಿದ್ದು 36 ವೋಟು, 130ನೇ ಸ್ಥಾನ. ಎದೊ, ಅಂದ್ರೆ ಹಳೇ ಟೋಕಿಯೊ ಪಟ್ಟಣದ ದಕ್ಷಿಣ ಬಾಗಿಲು ಅಲ್ಲೇ ಇತ್ತು, ಅದಕ್ಕೇ ಗೇಟ್‌ವೇ ಅನ್ನೋ ಸಮರ್ಥನೆ ಸುಳ್ಳೇನಲ್ಲ, ಆದ್ರೆ ಹಾಗಿದ್ರೆ ಆ ಬಾಗಿಲಿಗೆ ಜಪಾನೀಸ್ ಪದ ಇರ್ಲಿಲ್ವಾ ಅಂತ ಜನ ಕೇಳಿದ್ರು, 40 ಸಾವಿರಕ್ಕೂ ಜಾಸ್ತಿ ಜನ ಹೆಸ್ರು ವಾಪಸ್ ತಗೊಳ್ಳಿ ಅಂತ ಸಹಿ ಹಾಕಿದ್ರು. 2020ರ ಮಾರ್ಚ್ 14ಕ್ಕೆ ಅದೇ ಹೆಸ್ರಲ್ಲಿ ಓಪನ್ ಆಯ್ತು. ಅದೇ ಸಮಯದಲ್ಲಿ ಪಕ್ಕದ ಅಗೆತದಲ್ಲಿ 1872ರ ಮೊದಲ ಲೈನಿಗೆ ಸಮುದ್ರದಲ್ಲಿ ಕಟ್ಟಿದ್ದ ಕಲ್ಲಿನ ಏರಿ ಸಿಕ್ತು ಅನ್ನೋದು ಬೇರೆ. ಇ-ದೆನ್ ಅನ್ನ ಜನ ಹೇಳ್ದೇ ಸಾಯಿಸಬಹುದಿತ್ತು, ಸ್ಟೇಷನ್ ಹೆಸ್ರನ್ನ ಹಾಗೆ ಮಾಡೋಕಾಗಲ್ಲ, ಇಳಿಯೋಕೆ ಅದನ್ನೇ ನೋಡ್ಬೇಕಲ್ಲ.

ಹೊರಗಿನವ್ರಿಗೆ ಅಂತ ನಿಜವಾಗ್ಲೂ ಇರೋ ಇಂಗ್ಲಿಷ್ ಇವೆಲ್ಲಕ್ಕಿಂತ ನೀರಸ. 2016ರಿಂದ ಟೋಕಿಯೊ ಸುತ್ತ ಜೆಆರ್ ಸ್ಟೇಷನ್‌ಗಳಿಗೆ ನಂಬರ್ ಹಾಕ್ತಾ ಬಂದಿದಾರೆ, ಜೆವೈ ಅಂದ್ರೆ ಯಾಮಾನೊತೆ ಲೈನ್, ತಕಾನಾವಾ ಗೇಟ್‌ವೇ ಜೆವೈ 26. ಹೆಸ್ರು ನೆನಪಿಡೋಕೆ ಆಗ್ದಿದ್ರೆ ಆ ನಂಬರ್ ಸಾಕು. ಜೆಆರ್ ಪಾಸ್ ಕೂಡ ಮುಖ್ಯವಾಗಿ ಸ್ವಲ್ಪ ದಿನದ ಮಟ್ಟಿಗೆ ಬಂದ ಹೊರಗಿನವ್ರಿಗೆ, ಅಲ್ಲಿ ಕೆಲಸ ಮಾಡೋ ನಮ್ಮೋರಿಗೆ ಸಿಗಲ್ಲ, ಅಪ್ಪ ಅಮ್ಮ ನೋಡೋಕೆ ಬಂದ್ರೆ ಅವ್ರು ತಗೋಬಹುದು. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿದ್ಮೇಲೆ ಎಲ್ರಿಗೂ ಲಾಭ ಅಂತೇನಿಲ್ಲ, ಲೆಕ್ಕ ಹಾಕಿ ನೋಡಿ. ಆರೂ ಕಂಪನಿಯ ರೈಲಿಗೆ ನಡೆಯತ್ತೆ, ನೊಜೊಮಿ ಹತ್ಬೇಕಂದ್ರೆ ಮೇಲೆ ದುಡ್ಡು ಕೊಡ್ಬೇಕು, ಟೋಕಿಯೊ ಮೆಟ್ರೊ ಜೆಆರ್ ಅಲ್ಲ, ಅಲ್ಲಿ ಈ ಪಾಸ್ ನಡೆಯಲ್ಲ, ಸುಯ್ಕಾ ಒತ್ತಿ ಒಳಗೆ ಹೋಗಿ.